ಬ್ಲೂ ಸ್ಕ್ರೀನ್ ಬಂದ್ರ ರ‍್ಯಾಮ್ ಟೆಸ್ಟ್ ಯಾವುದ್ರಾಗ ಮಾಡೋದು?

ಬಾಗಲಕೋಟಿ ಬ್ಯಾಸಗಿ, ಧೂಳು, ಅದ್ರಾಗ ಮನಿ ಕಂಪ್ಯೂಟರ್ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ನೀಲಿ ಸ್ಕ್ರೀನ್ ತೋರ್ಸಿ ರೀಸ್ಟಾರ್ಟ್ ಆಗಾಕತ್ತಿದ್ರ ಲಗೂನ ಫಾರ್ಮ್ಯಾಟ್ ಹೊಡಸಾಕ ಹೋಗಬ್ಯಾಡ್ರಿ, ಮದ್ಲ ರ‍್ಯಾಮ್ ಚೆಕ್ ಮಾಡ್ರಿ.

ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಸರಳ ಐತಿ, ಸ್ಟಾರ್ಟ್ ಮೆನುದಾಗ ಹುಡುಕಿದ್ರ ಸಿಗ್ತೈತಿ, ಏನೂ ಡೌನ್‌ಲೋಡ್ ಬ್ಯಾಡ. ಆದ್ರ ಸುಮ್ನ ಬಿಟ್ರ ಸ್ಟ್ಯಾಂಡರ್ಡ್ ಟೆಸ್ಟ್ 2 ಪಾಸ್ (ಸುತ್ತು) ಅಷ್ಟ ಓಡ್ತೈತಿ, ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಹಚ್ರಿ. ಎರರ್ ಅಂದ್ರ ನಂಬ್ರಿ, ಎರರ್ ಇಲ್ಲ ಅಂದ್ರ ಪೂರಾ ನಂಬಬ್ಯಾಡ್ರಿ.

ನನ್ನ ಕೇಳಿದ್ರ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಟೆಸ್ಟ್ ಸಾಫ್ಟ್‌ವೇರ್ ಚಲೋ. ಪೆನ್‌ಡ್ರೈವ್‌ಗೆ ಹಾಕಿ ಅದ್ರಿಂದನ ಬೂಟ್ ಮಾಡ್ಬೇಕು (ಪೆನ್‌ಡ್ರೈವ್‌ನ್ಯಾಗಿಂದೆಲ್ಲಾ ಅಳಿಸಿ ಹೋಗ್ತೈತಿ, ಫೋಟೋ ಇದ್ರ ತಗೀರಿ), ಫ್ರೀ ವರ್ಷನ್‌ದಾಗ 4 ಪಾಸ್ ತನಕ ಓಡ್ತೈತಿ, ರ‍್ಯಾಮ್ ಜಾಸ್ತಿ ಇದ್ರ ತಾಸುಗಟ್ಲೆ ಹಿಡಿತೈತಿ, ಅದಕ್ಕ ರಾತ್ರಿ ಹಚ್ಚಿ ಮಲಗ್ರಿ, ನಡುವ ಕರೆಂಟ್ ಹೋದ್ರ ಮತ್ತ ಮದ್ಲಿಂದ, ಹಂಗಾಗಿ ಯುಪಿಎಸ್ ಇದ್ರ ಚಲೋ. ಕೆಂಪು ಸಾಲು ಒಂದ ಬಂದ್ರೂ ಬಿಡಬ್ಯಾಡ್ರಿ. ಎಕ್ಸ್‌ಎಂಪಿ (ರ‍್ಯಾಮ್ ಸ್ಪೀಡ್ ಏರಿಸೋ ಸೆಟ್ಟಿಂಗ್) ಆನ್ ಇದ್ರ ಬಯೋಸ್‌ನ್ಯಾಗ (ವಿಂಡೋಸ್ ಶುರುವಾಗೋಕಿಂತ ಮದ್ಲ ಬರೋ ಸೆಟ್ಟಿಂಗ್ಸ್) ಆಫ್ ಮಾಡಿ ಇನ್ನೊಮ್ಮೆ ನೋಡ್ರಿ, ಆಮ್ಯಾಲೆ ಪ್ಲಗ್ ಕಿತ್ತು ಒಂದೊಂದ ರ‍್ಯಾಮ್ ಸ್ಟಿಕ್ ಹಾಕಿ ಟೆಸ್ಟ್ ಮಾಡಿದ್ರ ಯಾವುದು ಕೆಟ್ಟೈತಿ ಗೊತ್ತಾಗ್ತೈತಿ.

ಅವಸರ ಇದ್ರ ಮದ್ಲಿಂದು, ಹೊಸ ರ‍್ಯಾಮ್‌ಗೆ ರೊಕ್ಕ ಹಾಕೋದಿದ್ರ ಎರಡ್ನೇದ್ದ ಮಾಡ್ರಿ.