ಸಯಾಮಿನ ಬೆಳ್ಳಿ: ಕಪ್ಪು ಕೊಳ್ಳೋದಾ, ಬಣ್ಣದ್ದಾ?

ಸಯಾಂ, ಅಂದರೆ ಈಗಿನ ಥಾಯ್ಲೆಂಡಿನ ಹಳೇ ಬೆಳ್ಳಿ ಒಡವೆ ಹುಡುಕುವವರಿಗೆ ಈ ಗೊಂದಲ ಬಂದೇ ಬರುತ್ತದೆ. ಹಿಂಬದಿಯಲ್ಲಿ ‘ಸಯಾಂ ಸ್ಟರ್ಲಿಂಗ್’ ಮುದ್ರೆ ಇರುವ ಬ್ರೋಚು, ಬಳೆ, ಪದಕಗಳು ಎರಡು ಥರ ಸಿಗುತ್ತವೆ. ಒಂದರಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಿಯ ದೇವತೆ. ಇನ್ನೊಂದರಲ್ಲಿ ಅದೇ ದೇವತೆ, ಆದರೆ ಸುತ್ತ ನೀಲಿ, ಹಸಿರು, ಬಿಳಿ ಅಥವಾ ಗುಲಾಬಿ. ಎರಡನ್ನೂ ಕೊಂಡು, ಹಾಕಿಕೊಂಡು ನೋಡಿದ್ದೇನೆ. ನನ್ನ ಓಟು ಕಪ್ಪಿಗೆ.

ಮಾರುವವರು ಎರಡಕ್ಕೂ ಎನಾಮಲ್ ಅನ್ನುತ್ತಾರೆ. ನಿಜಕ್ಕೂ ಕಪ್ಪು ಎನಾಮಲ್ ಅಲ್ಲ, ನಿಯೆಲ್ಲೊ. ಬೆಳ್ಳಿ, ತಾಮ್ರ, ಸೀಸ ಕರಗಿಸಿ ಗಂಧಕ ಬೆರೆಸಿದ ಮಿಶ್ರಣ. ದಕ್ಷಿಣ ಥಾಯ್ಲೆಂಡಿನ ನಖೋನ್ ಸಿ ಥಮ್ಮರಾತ್ ಈ ಕೆಲಸಕ್ಕೆ ಹೆಸರುವಾಸಿ. ಚಿತ್ರದ ಸುತ್ತಲಿನ ಬೆಳ್ಳಿಯನ್ನು ಕೆತ್ತಿ ತಗ್ಗು ಮಾಡಿ, ಅಲ್ಲಿ ಈ ಕಪ್ಪು ಪುಡಿ ತುಂಬಿ ಕಾಯಿಸುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ಮಟ್ಟ ಮಾಡುತ್ತಾರೆ. ಬಣ್ಣದ್ದು ನಿಜವಾದ ಎನಾಮಲ್, ಅಂದರೆ ಬೆಳ್ಳಿಯ ಮೇಲೆ ಕರಗಿಸಿ ಕೂರಿಸಿದ ಗಾಜು.

ಗಾಜು ಅಂದ ಮೇಲೆ ಚಕ್ಕೆ ಏಳುತ್ತದೆ. ನನ್ನ ಹಸಿರು ಬಳೆಯ ಬಿಲ್ಲೆಗಳ ಮೂಲೆಯಲ್ಲಿ ಈಗ ಬರೀ ಬೆಳ್ಳಿ ಕಾಣುತ್ತದೆ. ಬಿಳಿಯದಂತೂ ಇನ್ನೂ ನಾಜೂಕು. ಕೂದಲೆಳೆಯಂಥ ಬಿರುಕಿನಲ್ಲಿ ಕೊಳೆ ಕೂತರೆ ದೂರದಿಂದಲೇ ಗೊತ್ತಾಗುತ್ತದೆ. ಕಪ್ಪು ಬಳೆ ಮೇಜಿಗೆ ತಾಗಿದರೂ ಹಾಗೇ ಇದೆ.

ಆದರೆ ನಾನು ಕಪ್ಪನ್ನು ಮೆಚ್ಚುವುದು ಗಟ್ಟಿತನಕ್ಕಲ್ಲ, ಕಥೆಗೆ. ಈ ಒಡವೆಗಳಲ್ಲಿ ತುಂಬಾ ಕಾಣುವವಳು ಮೇಖಲಾ, ಮಿಂಚಿನ ದೇವತೆ. ಅವಳು ಕೈಯಲ್ಲಿನ ಮಣಿಯನ್ನು ಹೊಳೆಸಿ ರಾಮಸೂನ್ ಎಂಬ ರಾಕ್ಷಸನ ಕಣ್ಣು ಕೋರೈಸುತ್ತಾಳೆ. ಅವನು ಸಿಟ್ಟಿನಿಂದ ಕೊಡಲಿ ಎಸೆಯುತ್ತಾನೆ, ಗುರಿ ತಪ್ಪುತ್ತದೆ. ಅವಳ ಮಣಿಯೇ ಮಿಂಚು, ಅವನ ಕೊಡಲಿಯೇ ಗುಡುಗು. ನನ್ನ ಕಪ್ಪು ಬ್ರೋಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಅವಳ ಚೂಪು ಕಿರೀಟ, ಹಿಂದಕ್ಕೆ ಬಾಗಿದ ಬೆರಳು, ಸೆರಗಿನ ಮಡಿಕೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಕಪ್ಪು ಮೋಡದ ನಡುವೆ ಮಿಂಚಿನ ಹುಡುಗಿ. ಇದಕ್ಕಿಂತ ಸರಿಯಾದ ಹಿನ್ನೆಲೆ ಬೇಕಾ? ಗುಲಾಬಿ ಬಣ್ಣದ ಮೇಲೆ ಅವಳೇ ಇದ್ದರೂ ಕಣ್ಣು ಮೊದಲು ಬಣ್ಣಕ್ಕೇ ಹೋಗುತ್ತದೆ.

ಒಂದು ಕಡೆ ಮಾತ್ರ ಬಣ್ಣ ಗೆಲ್ಲುತ್ತದೆ. ಥಾಯ್ ರಾಮಾಯಣವಾದ ರಾಮಕಿಯೆನ್‌ನಲ್ಲಿ ಸುವಣ್ಣಮಚ್ಛಾ ಎಂಬ ಮತ್ಸ್ಯಕನ್ಯೆ ಬರುತ್ತಾಳೆ. ರಾವಣನ ಮಗಳು. ಸೇತುವೆ ಕೆಡಿಸಲು ಬಂದವಳು ಹನುಮಂತನಿಗೆ ಮನಸೋಲುತ್ತಾಳೆ, ಅವರಿಗೆ ಮಚ್ಛಾನು ಎಂಬ ಮಗ ಹುಟ್ಟುತ್ತಾನೆ. ಬ್ರಹ್ಮಚಾರಿ ಹನುಮಂತನನ್ನೇ ಕಂಡು ಬೆಳೆದ ನಮಗೆ ಇದು ಅಚ್ಚರಿ ಅಲ್ವಾ? ಈ ಮೀನು ಹುಡುಗಿಗೆ ನೀಲಿಯೇ ಚೆಂದ. ರೇಷ್ಮೆ ಸೀರೆಯ ಸೆರಗಿಗೆ ಚುಚ್ಚಿದರೆ ಕಳೆಯೇ ಬೇರೆ.

ಓಲೆಗಳ ವಿಷಯದಲ್ಲಿ ಎರಡೂ ಒಂದೇ. ವಿದೇಶಿ ಗಿರಾಕಿಗಳಿಗೆ ಮಾಡಿದ್ದರಿಂದ ಹೆಚ್ಚಿನವು ಕಿವಿ ಚುಚ್ಚದೆ ಹಾಕುವ, ಹಾಲೆಯನ್ನು ಬಿಗಿಯಾಗಿ ಹಿಡಿಯುವ ಕ್ಲಿಪ್ಪು ಅಥವಾ ತಿರುಪಿನವು. ಕಿವಿ ಚುಚ್ಚಿಸಿಕೊಂಡ ನಮಗೆ ಸುಮ್ನೆ ನೋವು.

ತೊಳೆಯುವಾಗ ಕಪ್ಪಿಗೇ ಜಾಸ್ತಿ ಎಚ್ಚರ ಬೇಕು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ನಿಯೆಲ್ಲೊದಲ್ಲಿರುವುದೂ ಗಂಧಕವೇ. ಕಪ್ಪು ತೆಗೆಯುವ ದ್ರಾವಣದಲ್ಲಿ ಅದ್ದಿದರೆ ಕೊಳೆಯ ಜೊತೆ ಕೆಲಸವೂ ಹಾಳು. ವಿಭೂತಿ ಹಾಕಿ ತಿಕ್ಕಿದರೆ ಕೆತ್ತನೆ ಸವೆಯುತ್ತದೆ. ಮೆತ್ತನೆ ಹತ್ತಿಬಟ್ಟೆ ಸಾಕು. ಸೀಸ ಇರುವುದರಿಂದ ಬಾಯಿಗೆ ಹಾಕುವ ಮಕ್ಕಳ ಕೈಗೆ ಕೊಡಬೇಡಿ.

‘ಸಯಾಂ’ ಮುದ್ರೆ ನೋಡಿ ಪುರಾತನ ಎಂದು ಜಾಸ್ತಿ ದುಡ್ಡು ಕೊಡಬೇಡಿ. 1939ರಲ್ಲಿ ದೇಶದ ಹೆಸರು ಬದಲಾದ ಮೇಲೂ ಆ ಮುದ್ರೆ ಒತ್ತುತ್ತಲೇ ಇದ್ದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಜೆಗೆ ಬಂದ ಅಮೆರಿಕನ್ ಸೈನಿಕರೂ ಇಂಥವನ್ನು ಕೊಂಡುಹೋಗಿದ್ದಾರೆ. ಮುದ್ರೆಗಿಂತ ಮೊದಲು ದೇವತೆಯ ಬೆರಳು ನೋಡಿ. ಗೀರುಗಳು ಆಳವಾಗಿ, ಒಂದಕ್ಕೊಂದು ಚೂರು ಬೇರೆಯಾಗಿದ್ದರೆ ಅದು ಕೈಕೆಲಸ. ಬಣ್ಣದ್ದಾದರೆ ಬೆಳಕಿಗೆ ಓರೆಯಾಗಿ ಹಿಡಿದು ಅಂಚಿನ ಸುತ್ತ ಒಮ್ಮೆ ಉಗುರು ಆಡಿಸಿ. ಚಕ್ಕೆ ಎದ್ದಿದ್ದರೆ ಉಗುರಿಗೆ ಸಿಗುತ್ತದೆ.