ರೂನ್‌ಕ್ವೆಸ್ಟ್: ಐದು ವರ್ಷ ಆಡಿದ ಮೇಲೆ

ಭಾನುವಾರ ಊಟ ಮುಗಿಸಿ ನಾವು ನಾಲ್ಕು ಜನ ರೂನ್‌ಕ್ವೆಸ್ಟ್ ಆಡಲು ಕೂರುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಆಡುವ ಆಟ ಇದು. ಐದು ವರ್ಷವಾಯ್ತು. ಆಟ ಮೊದಲು ಬಂದಿದ್ದು 1978ರಲ್ಲಿ, ನಮ್ಮ ಹತ್ತಿರ ಇರುವುದು 2018ರ ಆವೃತ್ತಿ. ಕಥೆ ನಡೆಯುವುದು ಗ್ರೆಗ್ ಸ್ಟ್ಯಾಫರ್ಡ್ ಕಟ್ಟಿದ ಗ್ಲೊರಾಂಥಾ ಎಂಬ ಲೋಕದಲ್ಲಿ.

ಎಷ್ಟೋ ಆಟಗಳಲ್ಲಿ ರೂನ್ ಅಂದ್ರೆ ಕತ್ತಿಯ ಮೇಲೆ ಮಿನುಗುವ ಅಕ್ಷರ, ಅಷ್ಟೇ. ಇಲ್ಲಿ ಅದು ಪಾತ್ರದ ಸ್ವಭಾವ. ಗಾಳಿ, ಭೂಮಿ, ಕತ್ತಲೆಗೆ ಒಂದೊಂದು ರೂನ್. ಸತ್ಯ–ಭ್ರಮೆ ಥರದವು ಜೋಡಿಯಾಗಿ ಬರುತ್ತವೆ, ಎರಡರ ಅಂಕಿ ಸೇರಿದರೆ ನೂರು. ಸತ್ಯ 90 ಆದರೆ ಭ್ರಮೆಗೆ ಉಳಿಯುವುದು 10.

ನನ್ನ ಪಾತ್ರ ಹುಮಾಕ್ತನ ಭಕ್ತೆ. ಅವನು ಸಾವಿನ ದೇವರು, ಸತ್ಯದ ದೇವರೂ ಹೌದು. ಒಂದು ಸಲ ಕೋಟೆ ಬಾಗಿಲಲ್ಲಿ ಕಾವಲುಗಾರ "ಯಾರ ಕಡೆಯವರು?" ಅಂದ. ಸಣ್ಣ ಸುಳ್ಳು ಸಾಕಿತ್ತು. ಆಟ ನಡೆಸುವ ಗೆಳೆಯ ನಕ್ಕು, "ಸತ್ಯದ ಮೇಲೆ ದಾಳ ಹಾಕು" ಅಂದ. ರೂನ್ 80 ಮುಟ್ಟಿದರೆ ಹಾಗೆ ಕೇಳುವ ಹಕ್ಕು ಅವನಿಗಿದೆ. ನೂರರ ದಾಳ ರೂನ್ ಅಂಕಿಯೊಳಗೆ ಬಿದ್ದರೆ ಆ ಸ್ವಭಾವದಂತೆಯೇ ನಡೆಯಬೇಕು. 34 ಬಿತ್ತು. ಬಾಯಿಂದ ನಿಜ ಬಂದೇಬಿಟ್ಟಿತು. ಆಮೇಲೆ ಉಳಿದಿಬ್ಬರು ಬೈದಿದ್ದು ಇಲ್ಲಿ ಬರೆಯುವಂಥದ್ದಲ್ಲ.

ದೇವರ ಮಂತ್ರಕ್ಕೂ ದಾಳ ಹಾಕುವುದು ರೂನ್ ಅಂಕಿಯ ಮೇಲೇ. ಈ ಮಂತ್ರಗಳಿಗೆ ಖರ್ಚಾದ ರೂನ್ ಪಾಯಿಂಟ್ ವಾಪಸ್ ಬೇಕಂದ್ರೆ ಹಬ್ಬದ ದಿನ ಪೂಜೆಗೆ ಹೋಗಬೇಕು. ಹೀಗಾಗಿ ನಮ್ಮ ಗುಂಪು ಪಂಚಾಂಗ ನೋಡಿಕೊಂಡೇ ಜಗಳ ಶುರು ಮಾಡುತ್ತದೆ!

ಎರಡನೇ ಬಗೆಯ ಮಂತ್ರವಿದ್ಯೆ ಸ್ಪಿರಿಟ್ ಮ್ಯಾಜಿಕ್‌ಗೆ ರೂನ್ ಅಂಕಿಯ ಹಂಗಿಲ್ಲ. ಪಾತ್ರದ ಪವರ್ ಎಂಬ ಅಂಕಿಯ ಐದು ಪಟ್ಟಿನೊಳಗೆ ದಾಳ ಬಿದ್ದರೆ ಸಾಕು. ಕತ್ತಿ ಚುರುಕಾಗಿಸುವುದು, ಗಾಯ ಮಾಯಿಸುವುದು, ಇಂಥ ದಿನಬಳಕೆಯ ಮಂತ್ರಗಳು. ಹಳ್ಳಿಯ ಯಾರಿಗಾದರೂ ಒಂದೆರಡು ಬಂದೇ ಬರುತ್ತವೆ.

ಮೂರನೇ ಬಗೆ ಸಾರ್ಸರಿ, ಓದಿ ಕಲಿಯುವ ಮಾಟ. ಇದನ್ನೇ ನೆಚ್ಚಿದ ಗ್ಲೊರಾಂಥಾದ ಪಶ್ಚಿಮದವರು ದೇವರಿಗೆ ಕೈ ಮುಗಿಯುವುದಿಲ್ಲ. ಅವರಿಗೆ ರೂನ್ ಅಂದ್ರೆ ಓದಿ ಕಲಿಯುವ ಪಾಠ. ಬೆಂಕಿಯ ರೂನ್ ಕಲಿತರೆ ಮುಗಿಯಲಿಲ್ಲ, ಅದನ್ನು ಕರೆಯುವ, ಬೇರ್ಪಡಿಸುವ, ಬೆರೆಸುವ ವಿದ್ಯೆ ಬೇರೆ ಕಲಿಯಬೇಕು. ಯೋಚನೆ ಚೆನ್ನಾಗಿದೆ, ಆಡೋಕೆ ನಿಧಾನ. ನಮ್ಮ ಗುಂಪಿನಲ್ಲಿ ಸಾರ್ಸರಿ ಮಾಡುವವನ ಮಂತ್ರ ಮುಗಿಯುವ ಹೊತ್ತಿಗೆ ಹೊಡೆದಾಟವೇ ಮುಗಿದಿರುತ್ತೆ.

ಪುಸ್ತಕ ದಪ್ಪ, ನಿಯಮ ಜಾಸ್ತಿ. ಹೊಸಬರು ಸುಮ್ನೆ ದುಡ್ಡು ಹಾಕುವ ಮೊದಲು ಉಚಿತವಾಗಿ ಸಿಗುವ ಕ್ವಿಕ್‌ಸ್ಟಾರ್ಟ್ ಎಂಬ ಪರಿಚಯದ ಪುಸ್ತಕ ಓದಿ.

ಹೋದ ತಿಂಗಳು ನನ್ನ ಪಾತ್ರ ಸತ್ತಳು. ಬದುಕಿಸುವ ಮಂತ್ರ ಗೆಳತಿಯ ಪಾತ್ರಕ್ಕೆ ಗೊತ್ತಿತ್ತು. ಆದರೆ ಹುಮಾಕ್ತನವರು ಸತ್ತ ಮೇಲೆ ಎದ್ದು ಬರುವಂತಿಲ್ಲ. ಹೊಸ ಪಾತ್ರ ಬರೆದುಕೊಂಡಿದ್ದೇನೆ. ಈ ಸಲ ಭ್ರಮೆ 75.