ಮಲೆನಾಡಿನ ಮಳೆಗೆ ನಾರಿನ ಹಾಸಿಗೆಯೇ ಸರಿ

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಅಂಗಡಿಯಲ್ಲಿ ಹೋದ ವರ್ಷ ಕಾಯರ್, ಅಂದರೆ ತೆಂಗಿನ ನಾರಿನ ಹಾಸಿಗೆ ತಗೊಂಡೆವು. ಐದಿಂಚು ದಪ್ಪ, ಮೇಲೆ ತೆಳ್ಳಗೆ ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ ಮೆತ್ತೆ. ಒಂದು ಮಳೆಗಾಲ, ಒಂದು ಚಳಿಗಾಲ ದಾಟಿದೆ. ಈಗ ಧೈರ್ಯವಾಗಿ ಬರೆಯಬಹುದು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಜುಲೈನಲ್ಲಿ ಒಗೆದ ಬಟ್ಟೆಯೇ ಒಣಗಲ್ಲ, ಇನ್ನು ಹಾಸಿಗೆ ಕೇಳಬೇಕಾ? ಅಜ್ಜಿಯದು ಬೂರುಗದ ಹತ್ತಿಯ ಹಾಸಿಗೆ. ಆ ಎಳೆಯ ಮೇಲೆ ಮೇಣದಂಥ ಪದರ ಇರುತ್ತದೆ, ನೀರು ಬೇಗ ಹಿಡಿಯಲ್ಲ. ಆದರೆ ವರ್ಷ ಕಳೆದಂತೆ ಎಳೆ ಪುಡಿಯಾಗಿ ಮೂಲೆ ಸೇರುತ್ತದೆ. ಆಮೇಲೆ ಬಂದದ್ದು ಮಾಮೂಲಿ ಅರಳೆ ಹಾಸಿಗೆ. ಅದಂತೂ ಶೀತ ಹೀರಿ ಹೀರಿ ಇಬ್ಬರು ಹಿಡಿದರೂ ಏಳುತ್ತಿರಲಿಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿ ಒಣಗಿಸಬೇಕು, ಆಗಾಗ ಬಿಚ್ಚಿ ಹತ್ತಿ ಹಿಂಜಿಸಿ ಮತ್ತೆ ಹೊಲಿಸಬೇಕು. ಹಿಂಜುವವರು ಈಗ ನಮ್ಮೂರಿಗೆ ಬರುವುದೇ ಇಲ್ಲ.

ಈ ಅಂಗಡಿಯಲ್ಲಿ ನನಗೆ ಹಿಡಿಸಿದ್ದು, ಒಂದೊಂದು ಹಾಸಿಗೆಯ ಅಡ್ಡ ಕೊಯ್ದ ತುಂಡನ್ನೂ ಮೇಜಿನ ಮೇಲೆ ಇಟ್ಟಿದ್ದಾರೆ. ಒಳಗೆ ಏನಿದೆ ಅಂತ ಮುಟ್ಟಿ ನೋಡಬಹುದು. ತೆಂಗಿನ ನಾರನ್ನು ಸುರುಳಿ ಮಾಡಿ, ರಬ್ಬರ್ ಹಾಲು ಸಿಂಪಡಿಸಿ, ಬಿಸಿಯಲ್ಲಿ ಒತ್ತಿ ಮಾಡಿದ್ದು ಕಾಯರ್. ನಾರಿನ ಸಂದಿಯಲ್ಲಿ ಗಾಳಿ ಆಡುತ್ತದೆ. ನಮಗೆ ಬೇಕಾದದ್ದು ಅದೇ ಅಲ್ವಾ? ಬೂಷ್ಟಿನ ವಾಸನೆ ಈವರೆಗೆ ಬಂದಿಲ್ಲ. ಗಟ್ಟಿ ಅನ್ನುವವರಿಗೆ ಗಟ್ಟಿಯೇ, ನನ್ನ ಸೊಂಟಕ್ಕೆ ಹಿತವಾಗಿದೆ.

ಅಂಗಡಿಯ ಹುಡುಗ ಮೊದಲು ಮೆಮೊರಿ ಫೋಮ್ ತಗೊಳ್ಳಿ ಅಂತ ಹಿಂದೆ ಬಿದ್ದ. "ಇದು ನಾಸಾದವರು ಕಂಡುಹಿಡಿದದ್ದು, ಅಕ್ಕಾ" ಅಂದ. ಮಾತು ಸುಳ್ಳಲ್ಲ, 1966ರಲ್ಲಿ ವಿಮಾನದ ಸೀಟಿಗೆಂದು ಮಾಡಿದ್ದು. ಆದರೆ ಮೈಬಿಸಿಗೆ ಮೆತ್ತಗಾಗುವ ಸಾಮಾನು ಅದು, ಚಳಿಗೆ ಬಿಗಿಯುತ್ತದೆ. ನಮ್ಮ ಡಿಸೆಂಬರಿನಲ್ಲಿ ಮಲಗಿದ ಕೂಡಲೇ ಹಲಗೆಯ ಹಾಗೆ. ಅಣ್ಣನ ಮನೆಯಲ್ಲಿ ನೋಡಿದ್ದೇನೆ. ಮಾಮೂಲಿ ಫೋಮ್ ತಗೊಳ್ಳುವವರು ಡೆನ್ಸಿಟಿ ಕೇಳಿ. 32 ಅಂದರೆ ಒಂದು ಘನ ಮೀಟರ್ ಫೋಮ್ 32 ಕೆಜಿ ತೂಗುತ್ತದೆ ಅಂತ. ಕೇಳಿದರೆ ಅಲ್ಲಿ ಸರಿಯಾಗಿಯೇ ಹೇಳುತ್ತಾರೆ.

ಸಿಟ್ಟು ಬಂದದ್ದು ಡೆಲಿವರಿಯಲ್ಲಿ. ಕಾಯರ್ ಹಾಸಿಗೆ ಮಡಚಬಾರದು. ಅವರು ಲಗೇಜ್ ಆಟೋಗೆ ನಡು ಬಗ್ಗಿಸಿ ಹಗ್ಗ ಬಿಗಿದು ತಂದರು. ಫೋನ್ ಮಾಡಿದರೆ "ಮಲಗ್ತಾ ಮಲಗ್ತಾ ಸರಿಹೋಗುತ್ತೆ" ಅಂದರು. ಹೋಗಿಲ್ಲ, ನಡುವೆ ಒಂದು ಏಣು ಹಾಗೇ ಇದೆ. ನೀವು ತಗೊಂಡರೆ ಹಾಸಿಗೆ ಉದ್ದಕ್ಕೆ ಮಲಗಿಸಿ ತರುವಂಥ ಗಾಡಿ ನೀವೇ ಮಾಡಿಕೊಳ್ಳಿ. ಮಂಚಕ್ಕೆ ಪೂರ್ತಿ ಪ್ಲೈವುಡ್ ಹೊಡೆಸಿದ್ದರೆ ಅಲ್ಲಲ್ಲಿ ತೂತು ಕೊರೆಸಿ. ಇಲ್ಲದಿದ್ದರೆ ನಾರು ಎಷ್ಟು ಗಾಳಿ ಬಿಟ್ಟರೂ ಕೆಳಗಡೆ ಬೆವರುತ್ತದೆ.